ಐದನೇ ನಂಬರಿನ ಎರಡನೇ ಪಾಲು

ನಾನು ಸಿಟ್ಟಿನ ಮನುಷ್ಯ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತಿಗೆ ಅನುಕೂಲ. ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲದ ಬಾಯಿ ಹೊಲಿಯುವವರು ನಲವತ್ತು ಜನ ಇದ್ದೇವೆ. ಅದರಲ್ಲಿ ‘ಆ ಸಿಡುಕ ಮಾಲತೇಶಪ್ಪ ಎಲ್ಲಿ’ ಎಂದು ಕೇಳಿದರೆ ಹಮಾಲರು ತಲೆ ಎತ್ತದೆ ನನ್ನ ಕಡೆ ಕೈ ತೋರಿಸುತ್ತಾರೆ. ತೋರಿಸಲಿ. ಹಗಲೆಲ್ಲ ಖಾರದ ಧೂಳು ಕುಡಿದು ಕೆಮ್ಮುವವನ ಬಾಯಿಂದ ಜೇನು ಸುರಿಯುತ್ತದೆಯೇ?

ಸಂಜೆ ಕೋಣೆಗೆ ಬಂದು, ದಬ್ಬಣ ಸುತಳಿ ಮೂಲೆಗಿಟ್ಟು, ಮೂರು ಸಲ ಮುಖ ತೊಳೆದು ಟ್ರಂಕಿನಿಂದ ಕ್ಲಾರಿನೆಟ್ ತೆಗೆಯುತ್ತೇನೆ. ಐದು ತುಂಡು ಜೋಡಿಸಿ ಊದಲು ಕೂರುತ್ತೇನೆ. ಊದುತ್ತಾನೆ ಎಂದ ಕೂಡಲೇ ಹಾಡು ಅಂದುಕೊಳ್ಳಬೇಡಿ. ನನ್ನದು ಎರಡನೇ ಪಾಲು. ಮೊದಲನೇ ಕ್ಲಾರಿನೆಟ್ ಹಾಡು ಹಿಡಿದು ಮೇಲೆ ಹೋಗುತ್ತದೆ, ಎರಡನೆಯದು ಕೆಳಗೆ ನಿಂತು ಹೂಂಗುಟ್ಟುತ್ತದೆ, ನಡುವೆ ಒಂದು ಪ್ರಶ್ನೆ ಕೇಳುತ್ತದೆ, ಮತ್ತೆ ಸುಮ್ಮನಾಗುತ್ತದೆ. ಅದನ್ನೊಂದನ್ನೇ ಕೇಳಿದರೆ ಪೋಸ್ಟಾಫೀಸಿನಲ್ಲಿ ಯಾರೋ ಫೋನಿನಲ್ಲಿ ಮಾತಾಡುವುದನ್ನು ಕೇಳಿದ ಹಾಗೆ. ಆ ಕಡೆಯವನ ಮಾತು ನಮಗೆ ಸಿಗುವುದಿಲ್ಲ.

ನನ್ನ ಹೆಂಡತಿ ಮಂಗಳವ್ವ ಇಪ್ಪತ್ತು ವರ್ಷ ಇದನ್ನು ಕೇಳಿದಳು. ಒಂದು ದಿನ ಜೋಳ ಹಸನು ಮಾಡುತ್ತ ಬಹಳ ಮೆತ್ತಗೆ, ‘ಹಾಡು ಯಾವಾಗ ಚಾಲೂ ಆಗತೈತ್ರಿ?’ ಎಂದಳು. ಎರಡು ದಿನ ನಾನು ಅವಳ ಜೊತೆ ಮಾತಾಡಲಿಲ್ಲ. ಈಗ ಅವಳು ಹೋಗಿ ಆರು ವರ್ಷವಾಯಿತು. ಆ ಎರಡು ದಿನ ನನಗೆ ವಾಪಸ್ ಬೇಕು.

ಗೋಡೆಯಾಚೆ ಕುಲ್ಸುಮಬಿ ಇದ್ದಾಳೆ. ಖಾನಾವಳಿಗೆ ರೊಟ್ಟಿ ಬಡಿದುಕೊಡುವ ವಿಧವೆ, ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾನು ಊದಲು ಕೂರುವ ಹೊತ್ತಿಗೆ ಅವಳ ರೊಟ್ಟಿಯ ಸದ್ದು ಶುರುವಾಗುತ್ತದೆ, ಪಟ ಪಟ ಪಟ. ಗೋಡೆ ಎಷ್ಟು ತೆಳ್ಳಗೆಂದರೆ ಅವಳು ಒಲೆಗೆ ಬೈಯುವುದೂ ಕೇಳುತ್ತದೆ. ‘ಮಾಲತೇಶಣ್ಣ, ನಿನ್ನ ಪದಕ್ಕ ತಲಿನೂ ಇಲ್ಲ, ಬುಡಾನೂ ಇಲ್ಲ,’ ಎನ್ನುತ್ತಾಳೆ. ‘ಇದ್ದಷ್ಟು ಕೇಳಕ್ಕ,’ ಎನ್ನುತ್ತೇನೆ. ದಿನಕ್ಕೆ ನನ್ನ ಜೊತೆ ಕೆಲಸದ್ದಲ್ಲದ ಮಾತಾಡುವವಳು ಅವಳೊಬ್ಬಳೇ.

ಈ ಪಾಲು ನನಗೆ ಬಂದದ್ದು ಹಾವೇರಿಯಲ್ಲಿ. ಅಲ್ಲಿ ಹತ್ತಿ ಒತ್ತುವ ಕಂಪನಿಯೊಂದಿತ್ತು. ಅದರ ಬಿಳಿ ಮ್ಯಾನೇಜರನ ಬಂಗಲೆಯಲ್ಲಿ ಒಂದು ಪಿಯಾನೋ ಇತ್ತು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾದರೂ ಆ ಮನುಷ್ಯ ಊರು ಬಿಟ್ಟಿರಲಿಲ್ಲ. ಹೆಂಡತಿ ಬಿಟ್ಟುಹೋಗಿದ್ದಳು. ಭಾನುವಾರದ ಹೊತ್ತು ಹೋಗುತ್ತಿರಲಿಲ್ಲವೇನೋ, ಬ್ಯಾಂಡ್ ಮಾಸ್ತರ ಇಸಾಕಸಾಬರನ್ನು ಕರೆಸಿ ತನಗೆ ಸಂಗೀತ ಬೇಕು ಎಂದ.

ಇಸಾಕಸಾಬರು ಬೆಳಗಾವಿಯ ಮಿಲಿಟರಿ ಬ್ಯಾಂಡಿನಲ್ಲಿ ಇದ್ದವರು. ಅಲ್ಲಿ ಅವರ ಮಾಸ್ತರನೊಬ್ಬ ಎರಡು ಕ್ಲಾರಿನೆಟ್ ಮತ್ತು ಒಂದು ಪಿಯಾನೋ, ಮೂರಕ್ಕೆ ಮಾತ್ರ ಕಟ್ಟಿದ ಸಂಗೀತವನ್ನು ಅವರಿಗೆ ಕಲಿಸಿದ್ದನಂತೆ. ಮೆರವಣಿಗೆಯದ್ದಲ್ಲ, ಕೋಣೆಯಲ್ಲಿ ಕೂತು ನಾಲ್ಕು ಜನ ಕೇಳುವಂಥದ್ದು. ಕಟ್ಟಿದವರ ಹೆಸರು ಅವರಿಗೆ ಮರೆತಿತ್ತು. ಬರೆದ ಕಾಗದವನ್ನು ಗೆದ್ದಲು ತಿಂದಿತ್ತು. ಉಳಿದದ್ದು ಅವರ ತಲೆಯಲ್ಲಿದ್ದ ಏಳು ನಂಬರು, ಒಂದರಿಂದ ಏಳು.

ರಾಣೆಬೆನ್ನೂರಿನ ಗುಡದಪ್ಪನಿಗೆ ಮೊದಲನೇ ಕ್ಲಾರಿನೆಟ್, ನನಗೆ ಎರಡನೆಯದು. ಪಿಯಾನೋಕ್ಕೆ ಬಂಗಲೆಯ ವಾಚ್‌ಮನ್ನನ ಮಗಳು ರೇಣುಕವ್ವ. ಹನ್ನೆರಡು ವರ್ಷದ ಹುಡುಗಿ. ದೊರೆಸಾನಿ ಇದ್ದಾಗ ಅವಳ ಪಕ್ಕ ನಿಂತು ನಿಂತೇ ಬೆರಳು ಕಲಿತಿದ್ದಳು. ಇಸಾಕಸಾಬರ ಪದ್ಧತಿ ಬೇರೆ ಇತ್ತು. ಮಂಗಳವಾರ ಗುಡದಪ್ಪನಿಗೆ, ಗುರುವಾರ ನನಗೆ, ಶನಿವಾರ ರೇಣುಕವ್ವನಿಗೆ ಪಾಠ. ಒಬ್ಬರ ಪಾಠದಲ್ಲಿ ಇನ್ನೊಬ್ಬರು ಹೊಸ್ತಿಲು ದಾಟುವಂತಿಲ್ಲ. ಭಾನುವಾರ ಮಾತ್ರ ಮೂವರೂ ಕೂಡಬೇಕು. ಇನ್ನೊಬ್ಬರ ಪಾಲು ಕಲಿಯಬಾರದು ಎಂದು ಕ್ಲಾರಿನೆಟ್ಟಿನ ಮೇಲೆ ಕೈ ಇಡಿಸಿ ಮಾತು ತೆಗೆದುಕೊಂಡಿದ್ದರು.

‘ಯಾಕ್ರಿ ಮಾಸ್ತರ?’ ಎಂದು ನಾನೇ ಕೇಳಿದ್ದೆ. ಕೇಳದೆ ಇದ್ದರೆ ನಾನು ನಾನಲ್ಲ.

‘ಮೂರೂ ಪಾಲು ಒಬ್ಬಂಗ ಬಂದ್ರ, ಅಂವ ಉಳದಿಬ್ರನ್ನ ಮನಿಗೆ ಕರಿಯೂದಿಲ್ಲ,’ ಎಂದಿದ್ದರು.

ನಾಲ್ಕು ವರ್ಷ ಭಾನುವಾರ ಭಾನುವಾರ ನಾವು ನುಡಿಸಿದೆವು. ಮ್ಯಾನೇಜರ ಕಣ್ಣು ಮುಚ್ಚಿ ಕೇಳುತ್ತಿದ್ದ. ಐದನೇ ನಂಬರು ಮುಗಿದಾಗ ಮಾತ್ರ ಕಣ್ಣು ತೆರೆದು, ‘ಮತ್ತೊಮ್ಮೆ’ ಎನ್ನುತ್ತಿದ್ದ. ಅದೊಂದು ಶಬ್ದ ಅವನು ಕನ್ನಡದಲ್ಲಿ ಕಲಿತಿದ್ದ. ನಂತರ ಕಂಪನಿ ಮುಚ್ಚಿತು, ಅವನು ಹೋದ, ಬಂಗಲೆ ಸರಕಾರಿ ಕಚೇರಿಯಾಯಿತು. ೧೯೬೦ರಲ್ಲಿ ಇಸಾಕಸಾಬರೂ ಹೋದರು. ಅವರನ್ನು ಮಣ್ಣು ಮಾಡಿ ಬರುವಾಗ ನಾನು ಗುಡದಪ್ಪನಿಗೆ, ‘ಮಾಸ್ತರ ಹೋದ್ರು. ಇನ್ನ ನಿನ್ನ ಪಾಲು ನನಗ ಕಲಸು, ನನ್ನದು ನಿನಗ ಕಲಸ್ತೇನಿ. ಒಬ್ಬಂವ ಸತ್ರೂ ಪದ ಉಳೀತೈತಿ,’ ಎಂದೆ.

ಅವನು ಕಾಲಿನ ಮಣ್ಣು ಒರೆಸಿಕೊಳ್ಳುತ್ತ, ‘ನಿನ್ನ ಪಾಲು ಕಲತು ನಾ ಏನ್ ಮಾಡ್ಲಿ? ಅದೇನು ಹಾಡ?’ ಎಂದ.

ಅಷ್ಟೇ. ಹೊಡೆದಾಟವಿಲ್ಲ, ಬೈಗುಳವಿಲ್ಲ. ಬ್ಯಾಡಗಿಯಿಂದ ರಾಣೆಬೆನ್ನೂರು ರೈಲಿನಲ್ಲಿ ಎಷ್ಟು ದೂರ? ಒಂದು ಬೀಡಿ ಸೇದುವಷ್ಟು ದೂರ. ಇಪ್ಪತ್ತೆಂಟು ವರ್ಷ ನಾನು ಅವನ ಮುಖ ನೋಡಲಿಲ್ಲ. ಮಾತು ಸುಳ್ಳಾಗಿದ್ದರೆ ಮರೆಯುತ್ತಿದ್ದೆ. ಖರೇ ಇತ್ತು, ಅದಕ್ಕೇ ಮರೆಯಲಿಲ್ಲ.

೧೯೮೮ರ ಯುಗಾದಿಯ ಮುಂದಿನ ವಾರ ರೇಣುಕವ್ವನ ಕಾರ್ಡು ಬಂತು. ಅವಳು ಅದೇ ಬಂಗಲೆಯ ಕಚೇರಿಯಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದಳು. ಬೇಡದ ಸಾಮಾನಿನ ಯಾದಿ ಮಾಡಿದ್ದಾರಂತೆ, ಅದರಲ್ಲಿ ‘ಮರದ ದೊಡ್ಡ ಪೆಟ್ಟಿಗೆ, ಒಂದು’ ಎಂದು ಪಿಯಾನೋ ಸೇರಿದೆಯಂತೆ. ಲಿಲಾವು ಆಗಿದೆ. ಹುಬ್ಬಳ್ಳಿಯ ಒಬ್ಬ ಫರ್ನಿಚರ್ ಅಂಗಡಿಯವನು ಒಳ್ಳೆಯ ಮರ ಎಂದು ಹಿಡಿದಿದ್ದಾನೆ. ನಾಲ್ಕು ಭಾನುವಾರ ಕಳೆದ ಸೋಮವಾರ ಒಯ್ಯುತ್ತಾನೆ. ಕೊನೆಗೆ ಹೀಗಿತ್ತು: ‘ಐದನೇ ನಂಬರ್ ಒಮ್ಮೆ ಪೂರಾ ಕೇಳಿ ಸಾಯಬೇಕು ಅನಸ್ತದ ಮಾಲತೇಶಣ್ಣ. ಕೀಲಿಕೈ ನನ್ನ ಕಡೆ ಇರತದ. ಗುಡದಪ್ಪಣ್ಣನ್ನ ಕರಕೊಂಡು ಬಾ.’

ನನಗೂ ಅದೇ ಬೇಕಿತ್ತು. ಇಪ್ಪತ್ತೆಂಟು ವರ್ಷದಿಂದ ಅರ್ಧ ಮಾತು ಹೊತ್ತು ತಿರುಗಿದವನಿಗೆ ಮತ್ತೇನು ಬೇಕು? ಒಮ್ಮೆ, ಒಂದೇ ಒಂದು ಸಲ, ನನ್ನ ಪಾಲು ಅದರ ಜಾಗದಲ್ಲಿ ಕೂತದ್ದನ್ನು ಕೇಳಬೇಕಿತ್ತು. ಆದರೆ ‘ಕರಕೊಂಡು ಬಾ’ ಅಂತಾಳಲ್ಲ. ಬಿಸಿತುಪ್ಪ. ನುಂಗಲಿಕ್ಕೂ ಆಗದು, ಉಗುಳಲಿಕ್ಕೂ ಆಗದು. ಮೂರು ದಿನ ಚೀಲದ ಜೊತೆ ನನ್ನ ಬೆರಳನ್ನೂ ಹೊಲಿದುಕೊಂಡೆ. ನಾಲ್ಕನೇ ದಿನ ರಾಣೆಬೆನ್ನೂರಿನ ರೈಲು ಹತ್ತಿದೆ.

ಗುಡದಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೊರಗೆ ಬಡಿದು ಬಡಿದು ಸವೆದ ಡ್ರಮ್ಮು ಬಿದ್ದಿತ್ತು, ಹಗ್ಗದ ಮೇಲೆ ಏಳೆಂಟು ಕೆಂಪು ಕೋಟು ಒಣಗುತ್ತಿದ್ದವು. ಬ್ಯಾಂಡ್ ಕಂಪನಿಯನ್ನು ಈಗ ಅವನ ಅಣ್ಣನ ಮಕ್ಕಳು ನಡೆಸುತ್ತಾರೆ. ಹಾಡೆಲ್ಲ ಕ್ಯಾಸಿಯೋ ಕೀಬೋರ್ಡಿನಲ್ಲಿ. ಇವನಿಗೆ ಕೋಟು ತೊಡಿಸಿ ಮುಂದೆ ನಿಲ್ಲಿಸುತ್ತಾರಂತೆ, ಮೀಸೆ ಚೆನ್ನಾಗಿದೆ ಎಂದು. ಅವನ ಹೆಂಡತಿ ಫಕ್ಕೀರವ್ವ ನೀರು ಕೊಟ್ಟು ಒಳಗೆ ಹೋದಳು. ಅವನು ಕಟ್ಟೆಯ ಮೇಲೆ ಕೂತು ಕೋಟಿನ ಗುಂಡಿ ಹಚ್ಚುತ್ತಿದ್ದ. ತಲೆ ಎತ್ತಿ ನೋಡಿ, ‘ಎರಡನೇದು,’ ಎಂದ. ಬಂಗಲೆಯ ದಿನಗಳಿಂದಲೂ ಅವನು ನನ್ನನ್ನು ಕರೆಯುತ್ತಿದ್ದುದೇ ಹಾಗೆ.

ಬ್ಯಾಡಗಿಯಿಂದ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ‘ಹಾವೇರಿ ಪ್ಯಾನೋ ಹೊಂಟೈತಿ. ಐದನೇ ನಂಬರ್ ಒಮ್ಮೆ ಪೂರಾ ನುಡಸೂಣು ಅಂತಾಳ ರೇಣುಕವ್ವ,’ ಎಂದೆ.

‘ರೇಣುಕವ್ವ ಅಂತಾಳೋ, ನೀ ಅಂತೀಯೋ?’

ನಾನು ಅಂಗಳದ ಡ್ರಮ್ಮು ನೋಡಿದೆ. ಎದ್ದುಹೋಗಬಹುದಿತ್ತು. ಹೋಗಿದ್ದರೆ ಇನ್ನೊಂದು ಇಪ್ಪತ್ತೆಂಟು ವರ್ಷ ನನ್ನ ಬಳಿ ಇರಲಿಲ್ಲ.

‘ನಾ ಅಂತೇನಿ,’ ಎಂದೆ.

ಅವನು ದಾರ ಹಲ್ಲಿನಿಂದ ಕಡಿದ. ‘ಐತವಾರ ಮುಂಜಾನಿ ಪ್ಯಾಸೆಂಜರಿಗೆ ಬರ್ತೇನಿ. ಕೆಂಪ ಕೋಟ್ ಹಾಕ್ಕೊಂಡು ಬಾ ಅನಬ್ಯಾಡ ಮತ್ತ.’

ಮೊದಲ ಭಾನುವಾರ ಅವನು ರಾಣೆಬೆನ್ನೂರಿನಿಂದ ಬಂದ ಅದೇ ಗಾಡಿಯನ್ನೇ ನಾನು ಬ್ಯಾಡಗಿಯಲ್ಲಿ ಹತ್ತಿದೆ, ಬೇರೆ ಡಬ್ಬಿ. ಹಾವೇರಿಯಲ್ಲಿ ಇಳಿದು ಅವನು ರಸ್ತೆಯ ಆ ಬದಿ, ನಾನು ಈ ಬದಿ. ಕೋರ್ಟಿನ ಮುಂದಿನ ಚಹದಂಗಡಿಯಲ್ಲೂ ಅವನು ಒಂದು ಬೆಂಚು, ನಾನು ಒಂದು ಬೆಂಚು. ಈಗ ನೆನೆಸಿದರೆ ನಗು ಬರುತ್ತದೆ, ಆಗ ಬಂದಿರಲಿಲ್ಲ.

ರೇಣುಕವ್ವ ಬಾಗಿಲು ತೆಗೆದಳು. ಎರಡು ಜಡೆಯ ಹುಡುಗಿ ಹೋಗಿ, ಅರ್ಧ ನರೆತ ತಲೆಯ ಹೆಂಗಸು ನಿಂತಿದ್ದಳು. ಗಂಡ ಬಿಟ್ಟಿದ್ದ, ಮಕ್ಕಳಿರಲಿಲ್ಲ, ಅದನ್ನವಳು ‘ನೀರು ಬೇಕೇನ್ರಿ’ ಎನ್ನುವಷ್ಟೇ ಸಲೀಸಾಗಿ ಹೇಳಿದಳು. ಪಿಯಾನೋದ ಮೇಲೆ ಫೈಲುಗಳ ಗುಡ್ಡ. ಮೂವರೂ ಕೂಡಿ ಇಳಿಸಿದೆವು. ಮುಚ್ಚಳ ತೆಗೆದರೆ ಬೆರಳು ಒತ್ತುವ ಒಂದು ಮನೆಯ ಮೇಲೂ ಧೂಳಿಲ್ಲ. ‘ಪ್ರತಿ ಐತವಾರ ಒರಸ್ತೇನಿ. ಒರಸುವಾಗ ಒಮ್ಮೆ ನುಡಸ್ತೇನಿ,’ ಎಂದಳು. ಏಳು ಮನೆಗಳು ಸತ್ತಿದ್ದವು, ಒತ್ತಿದರೆ ಬರೀ ಕಟ್ಟಿಗೆಯ ಸದ್ದು. ಇಡೀ ಪಿಯಾನೋ ಸ್ವರ ಇಳಿದು ಕೂತಿತ್ತು. ನಾವು ಕ್ಲಾರಿನೆಟ್ಟಿನ ಗಂಟು ಸ್ವಲ್ಪ ಎಳೆದು ಉದ್ದ ಮಾಡಿ ಅದರ ಮಟ್ಟಕ್ಕೆ ಇಳಿದೆವು.

ಏಳು ನಂಬರಿನಲ್ಲಿ ಯಾವುದು ಯಾರಿಗೆ ಉಳಿದಿದೆ ಎಂದು ನೋಡಿದೆವು. ಒಂದು, ಎರಡು ಗುಡದಪ್ಪನಿಗೆ ಮರೆತುಹೋಗಿದ್ದವು. ಮೂರು, ಆರು ನನಗೆ ಅರ್ಧ. ನಾಲ್ಕರ ಕೊನೆ ರೇಣುಕವ್ವನಿಗೆ ನೆನಪಿಲ್ಲ. ಏಳು ಯಾರಿಗೂ ಇಲ್ಲ. ಮೂವರಿಗೂ ಪೂರಾ ಇದ್ದದ್ದು ಐದು ಒಂದೇ.

ಶುರು ಮಾಡಿದೆವು. ಮೊದಲ ಭಾಗ ಸರಿಯಾಗಿಯೇ ಹೋಯಿತು. ಗುಡದಪ್ಪನ ಊದು ಕೇಳಿ ನನ್ನ ಮೈ ಜುಂ ಎಂದಿತು, ಸುಳ್ಳು ಯಾಕೆ ಹೇಳಲಿ. ನನ್ನ ಹೂಂ ಎಲ್ಲ ಅದರದರ ಜಾಗಕ್ಕೆ ಬಿದ್ದವು. ಆಮೇಲೆ ನಡುವಿನ ಭಾಗ ಬಂತು. ಅಲ್ಲಿ ಮೊದಲನೇ ಕ್ಲಾರಿನೆಟ್ ಹದಿನಾರು ಎಣಿಕೆ ಸುಮ್ಮನಿರಬೇಕು, ನಾನು ಪಿಯಾನೋದ ಜೊತೆ ಊದಬೇಕು. ನಂತರ ನಾನು ಮೂವತ್ತೆರಡು ಎಣಿಕೆ ಸುಮ್ಮನಿರಬೇಕು, ಅವನು ಊದಬೇಕು. ಆಮೇಲೆ ಮೂವರೂ ಕೂಡಿ ಮುಗಿಸಬೇಕು. ನಡುವಿನ ಭಾಗಕ್ಕೆ ಬಂದದ್ದೇ ತಡ, ಅವನು ನನ್ನ ಮೇಲೆ ಬಿದ್ದ, ನಾನು ಅವನ ಮೇಲೆ ಬಿದ್ದೆ, ಪಿಯಾನೋ ಎಲ್ಲೋ ಹಿಂದೆ ಉಳಿಯಿತು. ಸಂತೆಯಲ್ಲಿ ಎರಡು ಎಮ್ಮೆ ಗುದ್ದಿದ ಹಾಗಾಯಿತು.

‘ನೀ ಲಗೂ ಬಂದಿ,’ ಎಂದೆ.

‘ನೀ ಬಂದಿ ಲಗೂ. ನನ್ನ ಪದ ನನಗ ಗೊತ್ತಿಲ್ಲನ?’ ಎಂದ.

ಮತ್ತೆ ಮಾಡಿದೆವು. ಮತ್ತೆ ಅದೇ. ಮೂರನೇ ಸಲಕ್ಕೆ ನಾನು ಕ್ಲಾರಿನೆಟ್ ಬಿಚ್ಚಿ ಪೆಟ್ಟಿಗೆಗೆ ಇಡತೊಡಗಿದೆ. ಆಗ ರೇಣುಕವ್ವ ತಿರುಗಿ ಕೂತು, ದನಿ ಏರಿಸದೆ ಹೇಳಿದಳು.

‘ನೀವಿಬ್ರೂ ಕಾಯೂದು ಮರತೀರಿ. ನಾ ಒಬ್ಬಾಕಿ ನುಡಸುವಾಗೂ ನಿಮ್ಮಿಬ್ರ ಜಾಗಾ ಬಿಟ್ಟ ನುಡಸೇನಿ.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರು ಅಂತಾರಲ್ಲ, ಇಬ್ಬರೂ ತಲೆ ಕೆಳಗೆ ಹಾಕಿದೆವು. ಖರೇನೇ ಇತ್ತು. ಮಾಸ್ತರು ಹೋದ ಮೊದಲ ವರ್ಷ ನಾನು ಮೂವತ್ತೆರಡನ್ನೂ ಎಣಿಸುತ್ತಿದ್ದೆ. ಆಮೇಲೆ ಇಪ್ಪತ್ತಾಯಿತು, ಹತ್ತಾಯಿತು. ಮಂಗಳವ್ವ ಹೋದ ಮೇಲೆ ಎಣಿಸುವುದನ್ನೇ ಬಿಟ್ಟೆ. ಖಾಲಿ ಮನೆಯಲ್ಲಿ ಸುಮ್ಮನಿರುವುದನ್ನು ಮತ್ತೆ ಬೇರೆ ರಿಯಾಜು ಮಾಡಬೇಕೇ? ಗುಡದಪ್ಪನದು ಇನ್ನೊಂದು ಕಥೆ. ಮದುವೆಯಲ್ಲಿ ಅವನು ಹದಿನಾರು ಎಣಿಕೆ ನಿಂತರೆ ಡ್ರಮ್ಮಿನ ಹುಡುಗರು ಮುಗಿಯಿತೆಂದು ಮುಂದಿನ ಹಾಡು ಬಾರಿಸುತ್ತಿದ್ದರಂತೆ. ಅದಕ್ಕೆ ಅವನೂ ಸುಮ್ಮನಿರುವ ಜಾಗವನ್ನೆಲ್ಲ ಕತ್ತರಿಸಿ ಎಸೆದಿದ್ದ. ಊದುವುದನ್ನು ಇಬ್ಬರೂ ಒಂದು ಸ್ವರ ಬಿಡದೆ ಉಳಿಸಿಕೊಂಡಿದ್ದೆವು. ಊದದಿರುವುದನ್ನು ಕಳೆದುಕೊಂಡಿದ್ದೆವು.

ಎರಡನೇ ಭಾನುವಾರ ಬರೀ ಎಣಿಸುವುದಾಯಿತು. ರೇಣುಕವ್ವ ನುಡಿಸುವುದು, ನಾವಿಬ್ಬರು ಮುದುಕರು ಶಾಲೆಯ ಮಕ್ಕಳ ಹಾಗೆ ಬೆರಳು ಮಡಚುವುದು. ಮೂರನೇ ಭಾನುವಾರ ನಡುವಿನ ಭಾಗ ದಾಟಿದೆವು. ಅವನ ಹದಿನಾರು ಆಯಿತು, ನನ್ನ ಮೂವತ್ತೆರಡು ಆಯಿತು, ಕೊನೆಯ ಭಾಗಕ್ಕೆ ಮೂವರೂ ಕಾಲಿಟ್ಟೆವು. ಎಂಟೇ ಸಾಲು ಉಳಿದಿತ್ತು. ಗುಡದಪ್ಪ ಬಾಯಿಂದ ಕ್ಲಾರಿನೆಟ್ ತೆಗೆದು ಮೇಲಿನ ತುಟಿ ಒತ್ತಿ ಹಿಡಿದ.

‘ಹಲ್ಲು ಅಳ್ಳಾಡತೈತಿ,’ ಎಂದ. ‘ವಾರಪೂರ್ತಿ ಊದೇನಿ. ಮುಂಜಾನಿ ಇಪ್ಪತ್ತು ಸಲ, ಸಂಜಿಕೆ ಇಪ್ಪತ್ತು ಸಲ. ಭಾಳ ಆತು ಕಾಣಸ್ತೈತಿ.’

ಕ್ಲಾರಿನೆಟ್ಟಿನ ಬಾಯಿ ಕೂರುವುದು ಮೇಲಿನ ಮುಂದಿನ ಹಲ್ಲಿನ ಆಸರೆಯಲ್ಲಿ. ಅದು ಗಟ್ಟಿ ಇದ್ದರೆ ಊದು, ಇಲ್ಲದಿದ್ದರೆ ಬರೀ ಗಾಳಿ. ‘ಈ ವಾರ ಊದಬ್ಯಾಡ,’ ಎಂದೆ. ‘ಹೂಂ,’ ಎಂದ.

ಅಂದು ಮರಳುವಾಗ ಒಂದೇ ಡಬ್ಬಿಯಲ್ಲಿ ಕೂತೆವು. ಮಿರ್ಚಿ ಭಜಿ ತಂದೆ. ಅವನು ಹಲ್ಲಿಗೆ ಹೆದರಿ ತಿನ್ನಲಿಲ್ಲ, ಕಾಗದ ಕೈಯಲ್ಲಿ ಹಿಡಿದು ಕೂತ. ‘ಆ ನಡುವ ನನ್ನ ಹದಿನಾರು ಖಾಲಿ ಬರ್ತಾವಲ್ಲ, ಆವಾಗ ನೀ ಏನ್ ಊದತಿ ಅಂತ ನಾ ಎಂದೂ ಕೇಳೇ ಇಲ್ಲ. ಎಣಸಾಕತ್ತಿರತೇನಿ,’ ಎಂದ. ಬ್ಯಾಡಗಿಯಲ್ಲಿ ಇಳಿದೆ. ಗಾಡಿ ಹೊರಟ ಮೇಲೂ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದೆ. ಇಪ್ಪತ್ತೆಂಟು ವರ್ಷ ಈ ಮನುಷ್ಯ ಒಂದು ಬೀಡಿಯಷ್ಟೇ ದೂರದಲ್ಲಿದ್ದ ಎಂಬುದು ಆಗ ನನಗೆ ಬಡಿಯಿತು.

ಕೊನೆಯ ಭಾನುವಾರ ಗಾಡಿ ಬಂದಾಗ ಕಿಟಕಿ ಕಿಟಕಿ ನೋಡುತ್ತ ಹೋದೆ. ಹಿಂದಿನ ಡಬ್ಬಿಯಲ್ಲಿ ಇದ್ದ. ಬಾಯಿಗೆ ಟವೆಲ್ಲು ಸುತ್ತಿಕೊಂಡಿದ್ದ. ಪಕ್ಕದಲ್ಲಿ ಕೂತೆ. ಅವನು ಟವೆಲ್ಲು ಇಳಿಸಿ ತೋರಿಸಿದ. ಮೇಲಿನ ಎರಡು ಹಲ್ಲು ಇರಲಿಲ್ಲ.

‘ಊದಬ್ಯಾಡ ಅಂದಿದ್ದೆ,’ ಎಂದೆ. ದನಿ ಜೋರಾಯಿತು, ಡಬ್ಬಿಯವರು ತಿರುಗಿ ನೋಡಿದರು.

‘ಕೊನೀ ಎಂಟು ಸಾಲು ಸರಿ ಬರವೊಲ್ಲವಾಗಿದ್ವು. ನಿನ್ನಿ ಸಂಜಿಕೆ ಒಂದು ಹಲ್ಲು ತಾನಾ ಬಿತ್ತು. ಇನ್ನೊಂದು ಅದರ ಜೋಡಿ ಹೊಂಟಿತು,’ ಎಂದ. ಹಲ್ಲಿಲ್ಲದ ಬಾಯಲ್ಲಿ ಮಾತು ಸೋರುತ್ತಿತ್ತು. ‘ಕಡ್ಲಿ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡ್ಲಿ ಇಲ್ಲ. ದೊಡ್ಡಾವ್ರು ಸುಮ್ನ ಅಂದಿಲ್ಲ ನೋಡು.’ ನಗಲು ನೋಡಿದ. ನನಗೆ ನಗು ಬರಲಿಲ್ಲ. ಆದರೂ ಕ್ಲಾರಿನೆಟ್ಟಿನ ಪೆಟ್ಟಿಗೆ ತಂದಿದ್ದ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಬಂಗಲೆಯಲ್ಲಿ ರೇಣುಕವ್ವ ಅವನ ಬಾಯಿ ನೋಡಿದಳು. ಪಿಯಾನೋದ ಮುಂದಿನ ಸ್ಟೂಲಿನ ಮೇಲೆ ಕೂತಳು, ಅಷ್ಟೇ. ಗುಡದಪ್ಪ ಜೋಡಿಸಿ ಒಮ್ಮೆ ಊದಿ ನೋಡಿದ. ಸ್ವರ ಬರಲಿಲ್ಲ, ಪಂಚರಾದ ಸೈಕಲ್ಲಿನ ಗಾಳಿ ಬಂತು. ಎರಡನೇ ಸಲವೂ ಅದೇ. ಅವನು ಕ್ಲಾರಿನೆಟ್ ಕೆಳಗಿಟ್ಟು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದ.

‘ಕುಂದ್ರು. ನನ್ನ ಪಾಲು ನಿನಗ ಕಲಸ್ತೇನಿ. ಸಂಜೀ ಗಾಡಿತನಕಾ ಹೊತ್ತೈತಿ. ನಿನ್ನ ಕಿವಿಗೆ ಅರ್ಧ ಮೊದ್ಲ ಗೊತ್ತೈತಿ,’ ಎಂದ. ‘ಅವತ್ತು ನೀ ಕೇಳಿದಾಗ ಕಲಸಬೇಕಾಗಿತ್ತು. ಇವತ್ತು ಕಲಿ,’ ಎಂದು ಸೇರಿಸಿದ.

ಇಪ್ಪತ್ತೆಂಟು ವರ್ಷ ನಾನು ಕಾದ ಮಾತು ಇದು. ಹಾಡು ನನ್ನ ಬಾಯಿಗೆ ಬರುತ್ತದೆ. ಬ್ಯಾಡಗಿಗೆ ಹೋಗಿ ಊದಿದರೆ ಕುಲ್ಸುಮಬಿಯೂ ತಲೆಬುಡ ಇದೆ ಎನ್ನುತ್ತಾಳೆ. ಆಸೆಯಾಯಿತು, ಬಹಳ ಆಸೆಯಾಯಿತು. ಕ್ಲಾರಿನೆಟ್ ತುಟಿಯವರೆಗೆ ತಂದೆ. ಅವನು ಮೊದಲ ಸ್ವರಕ್ಕೆ ಬೆರಳು ಹೇಗೆಂದು ಗಾಳಿಯಲ್ಲಿ ತೋರಿಸಿದ. ಆಗ ಇಸಾಕಸಾಬರ ಮಾತು ನೆನಪಾಯಿತು. ಮೂರೂ ಪಾಲು ಬಂದವನು ಉಳಿದವರನ್ನು ಕರೆಯುವುದಿಲ್ಲ.

‘ನಾ ಮೊದಲ್ನೇದು ಊದಿದ್ರ, ಎರಡನೇದು ಯಾರು ಊದಬೇಕು?’ ಎಂದೆ.

‘ಎರಡನೇದು ಇಲ್ದಿದ್ರೂ ನಡೀತೈತಿ.’

‘ನಡಿಯೂದಿಲ್ಲ,’ ಎಂದೆ. ‘ನೀ ನಿನ್ನ ಜಾಗಾದಾಗ ಕುಂದ್ರು. ಕ್ಲಾರಿನೆಟ್ ಕೈಯಾಗ ಹಿಡಿ. ನಿನ್ನ ಪಾಲು ಖಾಲಿ ಬಿಡ್ತೇವಿ. ಬ್ಯಾರೆ ಯಾರೂ ಅದನ್ನ ತುಂಬೂದು ಬ್ಯಾಡ.’

ಅವನು ನನ್ನನ್ನು ನೋಡಿದ, ರೇಣುಕವ್ವನನ್ನು ನೋಡಿದ. ಎದ್ದುಹೋಗಿ ತನ್ನ ಹಳೆಯ ಜಾಗದಲ್ಲಿ, ಪಿಯಾನೋದ ಎಡಕ್ಕೆ ಕೂತ. ಕ್ಲಾರಿನೆಟ್ಟನ್ನು ಎದೆಗೆ ಆನಿಸಿ ಬೆರಳು ಇಟ್ಟ. ರೇಣುಕವ್ವ ನಾಲ್ಕು ಎಣಿಸಿದಳು.

ನುಡಿಸಿದೆವು. ನಾನು ಹೂಂ ಎಂದಲ್ಲಿ ಹೂಂ ಎಂದೆ, ಕೇಳಿದಲ್ಲಿ ಕೇಳಿದೆ. ಮೇಲೆ ಹಾಡು ಇರಬೇಕಾದಲ್ಲಿ ಹಾಡು ಇರಲಿಲ್ಲ. ಅವನ ಬೆರಳು ಮಾತ್ರ ಓಡುತ್ತಿತ್ತು, ಒಂದು ಸ್ವರ ಬಿಡದೆ. ಕ್ಲಾರಿನೆಟ್ಟಿನ ಸಣ್ಣ ಕೀಲಿಗಳು ಟಿಕ್ ಟಿಕ್ ಎನ್ನುವುದು ಆ ದೊಡ್ಡ ಕೋಣೆಯಲ್ಲಿ ಸ್ಪಷ್ಟ ಕೇಳುತ್ತಿತ್ತು. ಬೇರೆಯವರಿಗೆ ಅದು ಗೋಡೆ ಗಡಿಯಾರದ ಸದ್ದು. ನನಗೆ ಪೂರಾ ಹಾಡು ಕೇಳುತ್ತಿತ್ತು.

ನಡುವಿನ ಭಾಗ ಬಂತು. ಅವನ ಬೆರಳು ನಿಂತವು. ಹದಿನಾರು ಎಣಿಕೆ ನಾನು, ಪಿಯಾನೋ. ಈ ಸಲ ಅವನಿಗೆ ಎಣಿಸುವ ಕೆಲಸವಿರಲಿಲ್ಲವೋ, ಎಣಿಸುವುದನ್ನೇ ಮರೆತನೋ, ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದ. ಅದು ಮುಗಿದು ನನ್ನ ಮೂವತ್ತೆರಡು ಬಂತು. ಕ್ಲಾರಿನೆಟ್ ಬಾಯಲ್ಲೇ ಇಟ್ಟುಕೊಂಡು ಎಣಿಸಿದೆ. ಪಿಯಾನೋ ಮೆಲ್ಲಗೆ ಹೆಜ್ಜೆ ಹಾಕುತ್ತಿತ್ತು, ಮೇಲೆ ಟಿಕ್ ಟಿಕ್. ಮೂವತ್ತೆರಡು ಎಣಿಕೆ ಎಷ್ಟು ಉದ್ದ ಎಂದು ನನಗೆ ಮೊದಲ ಸಲ ಗೊತ್ತಾಯಿತು. ಬೇಗ ಮುಗಿಯಲಿ ಎಂದು ಒಮ್ಮೆಯೂ ಅನ್ನಿಸಲಿಲ್ಲ. ಆಮೇಲೆ ಕೊನೆಯ ಭಾಗಕ್ಕೆ ಸೇರಿಕೊಂಡೆ, ಕೊನೆಯ ಎಂಟು ಸಾಲೂ ಬಂದವು, ಮುಗಿಯಿತು.

ಗುಡದಪ್ಪ ಟವೆಲ್ಲು ಕೈಗೆ ತೆಗೆದುಕೊಂಡ, ಬಾಯಿಗೆ ಸುತ್ತಿಕೊಳ್ಳಲಿಲ್ಲ.

‘ಮಾಲತೇಶಾ,’ ಎಂದ. ‘ಎರಡನೇದು’ ಎನ್ನಲಿಲ್ಲ. ‘ಅದು ಹಾಡ ಐತಲೋ.’

ನನಗೆ ಅಳು ಬಂತು. ಸಿಡುಕರ ಅಳು ನೋಡಲು ಚೆನ್ನಾಗಿರುವುದಿಲ್ಲ ಎಂದು ಕಿಟಕಿಯ ಕಡೆ ತಿರುಗಿ ಬೇಕಾದಷ್ಟು ಅತ್ತೆ. ಹಿಂದೆ ರೇಣುಕವ್ವ ಮುಚ್ಚಳ ಹಾಕಿ, ಸೀರೆಯ ಸೆರಗಿನಿಂದ ಅದನ್ನು ಒರೆಸುತ್ತಿದ್ದಳು. ಎಷ್ಟು ಒರೆಸಿದರೂ ಅವಳಿಗೆ ಸಾಲಲಿಲ್ಲ.

ಸೋಮವಾರ ಲಾರಿ ಬಂದು ಪಿಯಾನೋ ಹೋಯಿತು. ಮೆಟ್ಟಿಲು ಇಳಿಸುವಾಗ ಅದು ತಾನೇ ಒಮ್ಮೆ ನುಡಿಯಿತಂತೆ, ಒಳಗಿನ ತಂತಿಯೆಲ್ಲ ಒಟ್ಟಿಗೆ. ಸತ್ತ ಏಳು ಮನೆಗಳಲ್ಲಿ ಯಾವುದಾದರೂ ದನಿ ತೆಗೆಯಿತೋ ಎಂದು ಕೇಳಲು ತಾನು ಓಡಿದೆ, ಅಷ್ಟರಲ್ಲಿ ನಿಂತುಹೋಯಿತು ಎಂದು ರೇಣುಕವ್ವ ಕಾರ್ಡು ಬರೆದಳು. ಗುಡದಪ್ಪ ಕಟ್ಟಿಸಿದ ಹಲ್ಲು ಹಾಕಿಸಿಕೊಂಡಿದ್ದಾನೆ. ಮೀಸೆಗೆ ಒಪ್ಪುತ್ತದಂತೆ, ಊದಲು ಬರುವುದಿಲ್ಲ. ಭಾನುವಾರದ ಗಾಡಿ ಈಗಲೂ ಬ್ಯಾಡಗಿಯಲ್ಲಿ ನಿಂತು ಹೋಗುತ್ತದೆ. ಹತ್ತಲು ನನಗೆ ಕಾರಣವಿಲ್ಲ.

ಸಂಜೆ ಊದುತ್ತೇನೆ. ಈಗ ಸುಮ್ಮನಿರುವ ಜಾಗ ಕತ್ತರಿಸುವುದಿಲ್ಲ. ಮೊದಲ ದಿನ ಮೂವತ್ತೆರಡು ಬಂದಾಗ ಕ್ಲಾರಿನೆಟ್ ಬಾಯಲ್ಲಿಟ್ಟು ಕೂತೆ. ಹತ್ತು ಎಣಿಸುವಷ್ಟರಲ್ಲಿ ಗೋಡೆಯಾಚೆಯಿಂದ ಕುಲ್ಸುಮಬಿಯ ದನಿ ಬಂತು.

‘ನಡುವ ಯಾಕ ನಿಂತಿ, ಮಾಲತೇಶಣ್ಣ? ಅರಾಮ ಅದೀಯಿಲ್ಲೋ?’

ಎಣಿಕೆ ತಪ್ಪಬಾರದೆಂದು ಮಾತಾಡಲಿಲ್ಲ. ಪೂರಾ ಮುಗಿಸಿದ ಮೇಲೆ, ‘ನಾ ನಿಂತಿಲ್ಲಕ್ಕ,’ ಎಂದೆ. ‘ಅಲ್ಲಿ ಗುಡದಪ್ಪ ಊದತಾನ.’

ಅವಳು ಮತ್ತೆ ಕೇಳಲಿಲ್ಲ. ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಮರುದಿನ ಸಂಜೆ ಅವಳ ರೊಟ್ಟಿ ಶುರುವಾಯಿತು, ನನ್ನ ಊದು ಶುರುವಾಯಿತು. ಮೂವತ್ತೆರಡು ಬಂತು. ನಾನು ಸುಮ್ಮನಾದೆ. ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದೂ ನಿಂತಿತು. ಹೆಂಚು ಸುಡುತ್ತಿದ್ದಿರಬೇಕು, ಹಿಟ್ಟು ಅವಳ ಕೈಯಲ್ಲೇ ಇದ್ದಿರಬೇಕು. ನಾನು ಎಣಿಸಿ ಮುಗಿಸುವವರೆಗೂ ಅವಳು ಕಾದಳು.